ಆ ಫೋಟೋ ತಿರುಗಿಸಿ ನೋಡಿದ್ರಾ?

ಹೋದ ಸಲ ಈ ಅಂಕಣದ ಕೊನೆಯಲ್ಲಿ ಒಂದು ಮಾತು ಬರೆದಿದ್ದೆ. ಬೇರೆಯವರ ಫೋಟೋ, ಪದ್ಯ, ಲೇಖನ ಎತ್ತಿಕೊಂಡಾಗ ಮಾಡಿದವರ ಹೆಸರು ಬಿಡಬೇಡಿ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಫೋಟೋ ತೆಗೆಯುವವರು, ಚಿತ್ರ ಬರೆಯುವವರು, ಅನುವಾದಕರು, ಸಣ್ಣ ಪತ್ರಿಕೆ ನಡೆಸುವವರು, ಎಲ್ಲರೂ ಬರೆದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಹೆಚ್ಚಿನವರು "ನಮ್ಮ ಹೆಸರು ಹಾಕಬೇಡಿ" ಎಂದು ಕೇಳಿಕೊಂಡಿದ್ದಾರೆ, ಹಾಕಿಲ್ಲ. ಹೆಸರು ಬೇಕು ಅನ್ನುವ ಹಕ್ಕು ಅವರದಾದರೆ ಬೇಡ ಅನ್ನುವ ಹಕ್ಕೂ ಅವರದೇ.

ಪ್ರಶ್ನೆ: ಮೇಡಂ, ನಾನು ಹವ್ಯಾಸಕ್ಕೆ ಹಕ್ಕಿಗಳ ಫೋಟೋ ತೆಗೆಯುತ್ತೇನೆ. ನನ್ನ ಒಂದು ಮಿಂಚುಳ್ಳಿಯ ಫೋಟೋ ಪತ್ರಿಕೆಯೊಂದರಲ್ಲಿ ಅರ್ಧ ಪುಟಕ್ಕೆ ಬಂದಿದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಕೆಳಗೆ "ಚಿತ್ರಕೃಪೆ: ಇಂಟರ್‌ನೆಟ್" ಅಂತ ಇದೆ. ಫೋನ್ ಮಾಡಿದರೆ "ನಿಮ್ಮ ಫೋಟೋಗೆ ಒಳ್ಳೇ ಪ್ರಚಾರ ಸಿಕ್ತಲ್ಲ, ಖುಷಿಪಡಿ" ಅಂದರು. ನಾನೇ ಅತಿ ಮಾಡ್ತಿದ್ದೀನಾ?

ಉತ್ತರ: ಅತಿ ಏನೂ ಅಲ್ಲ. ಹೆಸರೇ ಇಲ್ಲದ ಮೇಲೆ ಪ್ರಚಾರ ಎಲ್ಲಿಂದ ಬಂತು?

ಮೊದಲು ಆ ಸಾಲಿನ ವಿಷಯ ಮಾತಾಡೋಣ. ನಾನು 26 ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವಳು. "ಚಿತ್ರಕೃಪೆ: ಇಂಟರ್‌ನೆಟ್" ಎಂಬುದನ್ನು ಕಂಡರೆ ಇವತ್ತಿಗೂ ಮನಸ್ಸಿಗೆ ಕಿರಿಕಿರಿಯಾಗುತ್ತದೆ. ಕೃಪೆ ಅಂದ ಮೇಲೆ ಕೊಟ್ಟವರು ಒಬ್ಬರು ಇರಬೇಕು. ಇಂಟರ್‌ನೆಟ್ ಫೋಟೋ ತೆಗೆಯುವುದೂ ಇಲ್ಲ, ಕೊಡುವುದೂ ಇಲ್ಲ. ಅದು ಫೋಟೋ ಬಂದ ದಾರಿ. ಅಂಚೆಯಲ್ಲಿ ಬಂದ ಕಥೆಗೆ ಕಥೆಗಾರರ ಹೆಸರು ಬಿಟ್ಟು ಅಂಚೆ ಕಚೇರಿಯ ಹೆಸರು ಹಾಕುತ್ತೇವಾ? "ಗೂಗಲ್ ಕೃಪೆ", "ಫೇಸ್‌ಬುಕ್ ಕೃಪೆ", "ವಾಟ್ಸ್‌ಆ್ಯಪ್ ಕೃಪೆ" ಎಲ್ಲ ಇದೇ ಸಾಲಿಗೆ ಸೇರಿದವು. ಯಾರು ತೆಗೆದದ್ದು ಅಂತ ನಾವು ಹುಡುಕಲಿಲ್ಲ ಎಂಬುದೇ ಅವುಗಳ ಅರ್ಥ.

ನನ್ನನ್ನು ಕೇಳಿದರೆ "ಕೃಪೆ" ಎಂಬ ಪದವನ್ನೇ ಕೈಬಿಡಬೇಕು. ಕೃಪೆ ಅಂದಾಗ ಅದು ಯಾವುದೋ ಉಪಕಾರಕ್ಕೆ ಹೇಳುವ ಥ್ಯಾಂಕ್ಸ್ ಆಗಿಬಿಡುತ್ತದೆ. ಹೇಳಿದರೆ ಒಳ್ಳೆಯದು, ಹೇಳದಿದ್ದರೂ ನಡೆಯುತ್ತದೆ ಅನ್ನಿಸುತ್ತದೆ. "ಚಿತ್ರ: ಇಂಥವರು" ಎಂದು ಬರೆಯಿರಿ, ಆಗ ಅದು ಮಾಹಿತಿ. ವರದಿಯಲ್ಲಿ ಊರು, ತಾರೀಕು ಇದ್ದ ಹಾಗೆ. ಬಿಟ್ಟುಹೋದರೆ ಸೇರಿಸಬೇಕು, ತಪ್ಪಾದರೆ ತಿದ್ದಬೇಕು.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಲಿಲ್ಲ. ಫೋಟೋಗಳು ಕಾಗದದ ಪ್ರಿಂಟ್ ಆಗಿ ಬರುತ್ತಿದ್ದ ಕಾಲ. ಒಂದು ಸಂಜೆ, ಪುಟ ಕಳಿಸುವ ಹೊತ್ತು. ಒಂದು ಲೇಖನಕ್ಕೆ ಚಿತ್ರ ಇರಲಿಲ್ಲ. ಹಳೇ ಫೈಲು ತೆಗೆದೆ. ಒಬ್ಬ ಅಜ್ಜಿಯ ಕೈಗಳ ಫೋಟೋ ಸಿಕ್ಕಿತು. ಕಪ್ಪು ಬಿಳುಪು. ಗೆರೆಗೆರೆಯಾದ ಬೆರಳು, ಅದರ ನಡುವೆ ದಾರದ ಉಂಡೆ. ಬಹಳ ಚೆನ್ನಾಗಿತ್ತು. "ಸಂಗ್ರಹ ಚಿತ್ರ" ಎಂದು ಬರೆದು ಕಳಿಸಿಬಿಟ್ಟೆ.

ಪತ್ರಿಕೆ ಬಂದ ನಾಲ್ಕನೇ ದಿನಕ್ಕೆ ಒಬ್ಬ ಹಿರಿಯರು ಬಂದರು. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ಗಲಾಟೆ ಏನೂ ಮಾಡಲಿಲ್ಲ. "ಆ ಪ್ರಿಂಟ್ ಸ್ವಲ್ಪ ತರ್ತೀರಾ?" ಅಂದರು. ತಂದು ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. "ಇದನ್ನ ತಿರುಗಿಸಿ ನೋಡಿದ್ರಾಮ್ಮಾ?" ಅಂತ ಕೇಳಿದರು. ತಿರುಗಿಸಿದೆ. ಅವರ ಹೆಸರಿನ ರಬ್ಬರ್ ಸ್ಟಾಂಪು ನೇರಳೆ ಶಾಯಿಯಲ್ಲಿ ಅಚ್ಚುಕಟ್ಟಾಗಿ ಬಿದ್ದಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ಅಜ್ಜಿಯ ಹೆಸರು, ತೆಗೆದ ತಾರೀಕು. ಎರಡು ಸೆಕೆಂಡಿನ ಕೆಲಸ. ನಾನು ಮಾಡಿರಲಿಲ್ಲ.

ಆ ಒಂದು ಫೋಟೋಗೆ ಅವರು ಎರಡು ಸಲ ಆ ಮನೆಗೆ ಹೋಗಿದ್ದರಂತೆ. ಮೊದಲ ಸಲ ಅಜ್ಜಿ ಒಪ್ಪಲಿಲ್ಲ. ಎರಡನೇ ಸಲ ಜೊತೆಯಲ್ಲಿ ಕೂತು ಮಾತಾಡುತ್ತಾ, ಕಿಟಕಿಯ ಬಿಸಿಲು ಕೈಮೇಲೆ ಬರುವ ತನಕ ಕಾದಿದ್ದರಂತೆ. ನಾನು "ಸಂಗ್ರಹ" ಎಂಬ ಒಂದೇ ಪದದಿಂದ ಅದನ್ನೆಲ್ಲ ಒರೆಸಿ ಹಾಕಿದ್ದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆವು. ಅಲ್ಲಿಂದಾಚೆಗೆ ಹಿಂಬದಿ ನೋಡದೆ ಒಂದು ಫೋಟೋವನ್ನೂ ನಾನು ಪುಟಕ್ಕೆ ಕಳಿಸಿಲ್ಲ.

ಇನ್ನು ಕಾನೂನು. ಕೃತಿಸ್ವಾಮ್ಯದ (ಕಾಪಿರೈಟ್) ಬಗ್ಗೆ ಬರ್ನ್ ಒಪ್ಪಂದ ಅಂತ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ, 1886ರದ್ದು. ಇವತ್ತು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. 1928ರಲ್ಲಿ ರೋಮ್‌ನಲ್ಲಿ ಅದನ್ನು ಪರಿಷ್ಕರಿಸಿದಾಗ ಒಂದು ಹೊಸ ವಿಧಿ ಸೇರಿಸಿದರು. ಹಣದ ಹಕ್ಕನ್ನೆಲ್ಲ ಬೇರೆಯವರಿಗೆ ಬರೆದುಕೊಟ್ಟ ಮೇಲೂ "ಇದು ನಾನು ಮಾಡಿದ್ದು" ಎಂದು ಹೇಳುವ ಹಕ್ಕು ಮಾಡಿದವರ ಹತ್ತಿರವೇ ಉಳಿಯುತ್ತದೆ ಎನ್ನುತ್ತದೆ ಆ ವಿಧಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಹೇಳುವುದೂ ಇದನ್ನೇ. ಫ್ರಾನ್ಸಿನಲ್ಲಿ ಈ ಹಕ್ಕಿಗೆ ಕಾಲಮಿತಿಯೇ ಇಲ್ಲ. ಎಲ್ಲ ಕಡೆ ಇಷ್ಟು ಗಟ್ಟಿಯಾಗಿಲ್ಲ ಅನ್ನಿ. ಬ್ರಿಟನ್ನಿನ 1988ರ ಕಾಯ್ದೆಯ ಪ್ರಕಾರ ಹೆಸರಿನ ಹಕ್ಕು ತನಗೆ ಬೇಕೆಂದು ಲೇಖಕರು ಬರೆದು ಹೇಳಿರಬೇಕು. ಪತ್ರಿಕೆಗೆಂದೇ ಮಾಡಿಕೊಟ್ಟ ಕೆಲಸಕ್ಕೆ, ಪತ್ರಿಕೆಗೆ ಒಪ್ಪಿ ಕೊಟ್ಟ ಕೆಲಸಕ್ಕೆ ಅಲ್ಲಿ ಆ ಹಕ್ಕು ಅನ್ವಯಿಸುವುದೇ ಇಲ್ಲ. ನನಗಿದು ಸರಿ ಕಾಣುವುದಿಲ್ಲ. ಹೆಸರು ಬಿಟ್ಟುಹೋಗುವುದೇ ಜಾಸ್ತಿ ಪತ್ರಿಕೆಗಳಲ್ಲಿ, ಅಲ್ವಾ? ಆದರೆ ನಿಮ್ಮ ಫೋಟೋ ನೀವು ಕೊಟ್ಟದ್ದಲ್ಲ, ಅವರು ಎತ್ತಿಕೊಂಡದ್ದು. ಅನುಮತಿ ಕೇಳಿಲ್ಲ ಎಂಬುದೇ ಮೊದಲ ತಪ್ಪು. ಹೆಸರು ಬಿಟ್ಟದ್ದು ಎರಡನೆಯದು.

ಫೋನಿನಲ್ಲಿ ಮಾತಾಡಿದ್ದು ಸಾಕು. ಬರೆಯಿರಿ. ಜಗಳದ ಪತ್ರ ಬೇಡ, ಸಣ್ಣ ಪತ್ರ ಸಾಕು. ಹೀಗೆ: "ನಿಮ್ಮ ಪತ್ರಿಕೆಯ ಇಂಥ ತಾರೀಕಿನ ಸಂಚಿಕೆಯ ಇಂಥ ಪುಟದಲ್ಲಿರುವ ಮಿಂಚುಳ್ಳಿಯ ಫೋಟೋ ನಾನು ತೆಗೆದದ್ದು. ಮೂಲ ಫೈಲ್ ನನ್ನ ಬಳಿ ಇದೆ, ಅದರ ಸಣ್ಣ ಪ್ರತಿ ಜೊತೆಗಿಟ್ಟಿದ್ದೇನೆ. ಇದನ್ನು ಬಳಸಲು ನನ್ನ ಅನುಮತಿ ಕೇಳಿಲ್ಲ. ಮುಂದಿನ ಸಂಚಿಕೆಯಲ್ಲಿ ನನ್ನ ಹೆಸರಿನ ಸಮೇತ ತಿದ್ದುಪಡಿ ಹಾಕಿ. ಡಿಜಿಟಲ್ ಪ್ರತಿಯಲ್ಲಿ ಫೋಟೋದ ಕೆಳಗೇ ಹೆಸರು ಸರಿಪಡಿಸಿ. ಬಳಸಿದ್ದಕ್ಕೆ ನೀವು ಬೇರೆಯವರಿಗೆ ಕೊಡುವ ಸಂಭಾವನೆಯನ್ನೇ ನನಗೂ ಕೊಡಿ." ಸಂಪಾದಕರ ಹೆಸರಿಗೆ ಕಳಿಸಿ. ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಪೂರ್ತಿ ದೊಡ್ಡ ಫೈಲನ್ನು ಮಾತ್ರ ಯಾರಿಗೂ ಕೊಡಬೇಡಿ. ಅದು ನಿಮ್ಮ ಹತ್ತಿರ ಮಾತ್ರ ಇದೆ ಎಂಬುದೇ ನಿಮ್ಮ ದೊಡ್ಡ ಸಾಕ್ಷಿ. ಆ ಕ್ಷಣಕ್ಕೆ ಮೊದಲು, ಆಮೇಲೆ ತೆಗೆದ ನಾಲ್ಕಾರು ಫೋಟೋಗಳಿದ್ದರೆ ಅವನ್ನೂ ಜೋಪಾನ ಮಾಡಿ. ಕದ್ದವರ ಹತ್ತಿರ ಹಕ್ಕಿ ಕೂತ ಫೋಟೋ ಒಂದೇ ಇರುತ್ತದೆ. ಅದು ಹಾರಿಬಂದದ್ದು, ಹಾರಿಹೋದದ್ದು ನಿಮ್ಮ ಹತ್ತಿರ ಮಾತ್ರ ಇರುತ್ತದೆ.

ಪ್ರಶ್ನೆ: ನನ್ನ ಫೋಟೋಗೆ ಬೇರೆ ಯಾರದೋ ಹೆಸರು ಹಾಕಿದ್ದರು. ಕೇಳಿದ್ದಕ್ಕೆ "ಹೆಸರು ಅಂತೂ ಹಾಕಿದ್ದೀವಲ್ಲ, ಸಣ್ಣ ತಪ್ಪು" ಅಂದರು. ಸಣ್ಣದಾ ಮೇಡಂ?

ಉತ್ತರ: ಸಣ್ಣದಲ್ಲ. ಹೆಸರೇ ಇಲ್ಲದಿದ್ದರೆ ನೋಡಿದವರು "ಯಾರದಿರಬಹುದು" ಎಂದಾದರೂ ಕೇಳುತ್ತಾರೆ. ತಪ್ಪು ಹೆಸರಿದ್ದರೆ ಆ ಪ್ರಶ್ನೆಯೂ ಹುಟ್ಟುವುದಿಲ್ಲ. ಆ ಹೆಸರನ್ನೇ ನಂಬಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಅವರಿಂದ ಮತ್ತೊಬ್ಬರು.

2010ರ ಜನವರಿ 12ರಂದು ಹೈಟಿಯಲ್ಲಿ ದೊಡ್ಡ ಭೂಕಂಪ ಆಯಿತಲ್ಲ, ಆಗ ನಡೆದದ್ದು ಇದು. ಆ ದೇಶದವರೇ ಆದ ಫೋಟೋ ಪತ್ರಕರ್ತ ಡೇನಿಯಲ್ ಮೊರೆಲ್ ಅವತ್ತು ಬೀದಿಯಲ್ಲಿದ್ದರು. ತೆಗೆದ ಚಿತ್ರಗಳನ್ನು ಟ್ವಿಟರ್ ಜೊತೆಗಿದ್ದ ಟ್ವಿಟ್‌ಪಿಕ್‌ನಲ್ಲಿ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಇನ್ನೊಬ್ಬ ವ್ಯಕ್ತಿ ಅವನ್ನು ತನ್ನದೆಂದು ಹಾಕಿಕೊಂಡ. ಎಎಫ್‌ಪಿ ಸುದ್ದಿಸಂಸ್ಥೆ ಆ ವ್ಯಕ್ತಿಯ ಹೆಸರಿನಲ್ಲೇ ಚಿತ್ರಗಳನ್ನು ಹಂಚಿತು. ಫೋಟೋ ಮಾರುವ ಗೆಟ್ಟಿ ಇಮೇಜಸ್ ಸಂಸ್ಥೆಯ ಮೂಲಕವೂ ಅವು ಪತ್ರಿಕೆಗಳಿಗೆ ಹೋದವು. ಆಮೇಲೆ ಹೆಸರು ತಿದ್ದಿ ಸೂಚನೆ ಕಳಿಸಿದರು. ಆದರೆ ಅಷ್ಟರಲ್ಲಿ ಚಿತ್ರಗಳು ಎಲ್ಲೆಲ್ಲೋ ತಲುಪಿದ್ದವು. ಮೊರೆಲ್ ತಮ್ಮ ಹಕ್ಕು ಕೇಳಿದಾಗ ಮೊದಲು ಕೋರ್ಟಿಗೆ ಹೋದದ್ದು ಸುದ್ದಿಸಂಸ್ಥೆಯೇ. ಕೊನೆಗೆ 2013ರ ನವೆಂಬರಿನಲ್ಲಿ ನ್ಯೂಯಾರ್ಕಿನ ಜ್ಯೂರಿ ಎಂಟು ಚಿತ್ರಗಳಿಗಾಗಿ ಅವರಿಗೆ ಸುಮಾರು 12 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. ಸುಮಾರು ನಾಲ್ಕು ವರ್ಷ ಹಿಡಿಯಿತು. ಅಂಥ ದಿನ ಅಂಥ ಬೀದಿಯಲ್ಲಿ ನಿಂತು ತೆಗೆದ ಚಿತ್ರ "ನನ್ನದು" ಎಂದು ಹೇಳಿಕೊಳ್ಳುವುದಕ್ಕೆ ನಾಲ್ಕು ವರ್ಷ.

ನಿಮ್ಮ ವಿಷಯದಲ್ಲಿ ತಿದ್ದುಪಡಿಯನ್ನು ಬಿಡಬೇಡಿ. ಸುಮ್ನೆ "ಹೆಸರು ತಪ್ಪಾಗಿತ್ತು, ವಿಷಾದಿಸುತ್ತೇವೆ" ಎಂದರೆ ಸಾಲದು. ಯಾವ ಪುಟ, ಯಾವ ಚಿತ್ರ, ಸರಿಯಾದ ಹೆಸರು ಯಾವುದು, ಮೂರೂ ಅದರಲ್ಲಿರಲಿ.

ಪ್ರಶ್ನೆ: ಕೆಲವು ಗೆಳೆಯರು ಸೇರಿ 16 ಪುಟದ ಮಾಸಿಕ ತರುತ್ತೇವೆ. ಲಾಭ ಇಲ್ಲ. ಬೇರೆ ಕಡೆ ಬಂದ ಒಳ್ಳೆಯ ಬರಹ, ಚಿತ್ರ ಆರಿಸಿ ಹಾಕುತ್ತೇವೆ. ಇಷ್ಟು ದಿನ ಕೊನೆಗೆ "ಸಂಗ್ರಹ" ಎಂದು ಬರೆಯುತ್ತಿದ್ದೆವು. ಹೋದ ಸಲದ ನಿಮ್ಮ ಮಾತು ಓದಿ ತಪ್ಪು ಅನ್ನಿಸಿತು. ಇನ್ನುಮುಂದೆ ಹೆಸರು ಹಾಕಿದರೆ ಸಾಕಾ? ಹೆಸರು ಹುಡುಕುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ತಪ್ಪು ಅಂತ ತಾವಾಗಿ ಹೇಳಿಕೊಳ್ಳುವ ಸಂಪಾದಕರು ಕಡಿಮೆ.

ಹೆಸರು ಹಾಕಿದರೆ ಸಾಲದು. ಹೆಸರು ಬೇರೆ, ಅನುಮತಿ ಬೇರೆ. ಒಂದನ್ನು ಕೊಟ್ಟರೆ ಇನ್ನೊಂದು ತೀರುವುದಿಲ್ಲ. ಪಕ್ಕದ ಮನೆಯ ಸೈಕಲ್ ಕೇಳದೆ ತಗೊಂಡು ಹೋಗಿ, ಅದರ ಮೇಲೆ "ಇದು ಪಕ್ಕದ ಮನೆಯವರದು" ಎಂದು ಚೀಟಿ ಅಂಟಿಸಿದ ಹಾಗಾಗುತ್ತದೆ. ಇದಕ್ಕೆ ತಿರುಗಾಮುರುಗಾ ಕೂಡ ಇದೆ. ಬರೆದವರು ತೀರಿಕೊಂಡು ಬಹಳ ವರ್ಷವಾಗಿ ಕೃತಿಸ್ವಾಮ್ಯ ಮುಗಿದಿದ್ದರೆ ಅನುಮತಿ ಬೇಡ. ಹೆಸರು ಆಗಲೂ ಬೇಕು. ಇನ್ನು, ವಿಮರ್ಶೆಗೋ ಚರ್ಚೆಗೋ ನಾಲ್ಕು ಸಾಲು ಎತ್ತಿ ಹೇಳುವುದಕ್ಕೆ ಬರ್ನ್ ಒಪ್ಪಂದದ 10ನೇ ವಿಧಿಯಲ್ಲೇ ಅವಕಾಶ ಇದೆ. ಆದರೆ ಎಲ್ಲಿಂದ ತಗೊಂಡದ್ದು, ಅಲ್ಲಿ ಬರೆದವರ ಹೆಸರಿದ್ದರೆ ಯಾರದು, ಎರಡನ್ನೂ ಹೇಳಬೇಕು ಎಂದು ಅದೇ ವಿಧಿ ಹೇಳುತ್ತದೆ. ಪೂರ್ತಿ ಲೇಖನ ಎತ್ತಿಹಾಕುವುದು ನಾಲ್ಕು ಸಾಲಿನ ಲೆಕ್ಕಕ್ಕೆ ಬರುವುದಿಲ್ಲ. ಲಾಭ ಇಲ್ಲ ಎಂಬುದೂ ಅನುಮತಿ ಆಗುವುದಿಲ್ಲ.

ಹಾಗೆಂದು ಹೆದರಬೇಡಿ. ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ನನ್ನ ಅನುಭವದಲ್ಲಿ "ನಿಮ್ಮ ಈ ಲೇಖನ ನಮ್ಮ ಓದುಗರಿಗೆ ತಲುಪಿಸಬೇಕು ಅನ್ನಿಸಿತು, ಹಾಕಬಹುದಾ?" ಎಂದು ಕೇಳಿದಾಗ ಇಲ್ಲ ಅಂದವರು ಬೆರಳೆಣಿಕೆ. ಕೇಳದೆ ಹಾಕಿದಾಗ ಬೇಜಾರಾದವರು ತುಂಬಾ ಜನ.

ಇನ್ನು ಹುಡುಕುವ ವಿಷಯ. ಕಾಗದದ ಪ್ರಿಂಟಿಗೆ ಹಿಂಬದಿ ಇದ್ದ ಹಾಗೆ ಈಗಿನ ಫೋಟೋಗೂ ಒಂದು ಹಿಂಬದಿ ಇದೆ. ಫೈಲಿನ ಒಳಗೇ ಮಾಹಿತಿ ಬರೆದಿಡಲು ಜಾಗ ಇರುತ್ತದೆ. ಸುದ್ದಿಮನೆಗಳು ಬಳಸುವ ಐಪಿಟಿಸಿ ಪದ್ಧತಿಯಲ್ಲಿ ಕ್ರಿಯೇಟರ್, ಕ್ರೆಡಿಟ್ ಲೈನ್, ಕಾಪಿರೈಟ್ ನೋಟಿಸ್ ಎಂದು ಬೇರೆಬೇರೆ ಕಾಲಂಗಳೇ ಇವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಆಮೇಲೆ ಡೀಟೇಲ್ಸ್ ಒತ್ತಿ. ಒಮ್ಮೊಮ್ಮೆ ಹೆಸರು ಅಲ್ಲೇ ಕೂತಿರುತ್ತದೆ, ಯಾರೂ ತೆರೆದು ನೋಡಿರುವುದಿಲ್ಲ. ತೊಂದರೆ ಏನೆಂದರೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದಾಗ ಈ ಮಾಹಿತಿ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಸ್ಕ್ರೀನ್‌ಶಾಟ್‌ನಲ್ಲಂತೂ ಏನೂ ಇರುವುದಿಲ್ಲ. ಆದ್ದರಿಂದ ನಿಮಗೆ ಚಿತ್ರ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿಯೇ ಕಳಿಸಲು ಹೇಳಿ.

ಒಳಗೆ ಹೆಸರಿಲ್ಲದಿದ್ದರೆ ಗೂಗಲ್ ಲೆನ್ಸ್, ಟಿನ್‌ಐ ಇವೆ. ಚಿತ್ರವನ್ನೇ ಕೊಟ್ಟು ಹುಡುಕಬಹುದು. ಟಿನ್‌ಐನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಲು ಆಗುತ್ತದೆ. ಇಲ್ಲೊಂದು ಎಚ್ಚರಿಕೆ. ಅಲ್ಲಿ ಕಾಣುವ ತಾರೀಕು ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ. ಚಿತ್ರ ಮೊದಲು ಪ್ರಕಟವಾದ ದಿನ ಅಲ್ಲ. ಹಾಗಾಗಿ ಮೊದಲು ಸಿಕ್ಕ ಹೆಸರಿಗೇ ನಿಲ್ಲಬೇಡಿ. ಅವರಿಗೆ ಬರೆದು "ಇದು ನೀವೇ ತೆಗೆದದ್ದಾ?" ಎಂದು ಕೇಳಿ. ನಿಜವಾಗಿ ತೆಗೆದವರು ಎಲ್ಲಿ, ಯಾವಾಗ, ಹೇಗೆ ಎಂದೆಲ್ಲ ಸಂತೋಷದಿಂದ ಹೇಳುತ್ತಾರೆ.

ಕ್ರಿಯೇಟಿವ್ ಕಾಮನ್ಸ್ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ಇಂಥ ಷರತ್ತಿಗೆ ಒಪ್ಪಿದರೆ ಯಾರು ಬೇಕಾದರೂ ಬಳಸಬಹುದು ಎಂದು ಮಾಡಿದವರೇ ಮೊದಲೇ ಕೊಟ್ಟಿಡುವ ಅನುಮತಿ ಅದು. ಅದರ ಮೊದಲ ಲೈಸೆನ್ಸುಗಳು 2002ರ ಡಿಸೆಂಬರಿನಲ್ಲಿ ಬಂದವು. ಈಗ ಆರು ಬಗೆ ಇವೆ. ಆರರಲ್ಲೂ ಹೆಸರು ಹಾಕುವುದು ಕಡ್ಡಾಯ. ಬಿಟ್ಟಿ ಸಿಗುತ್ತದೆ ಎಂದು ತಗೊಂಡು, ಅದಕ್ಕೆ ಕೊಡಬೇಕಾದ ಒಂದೇ ಬೆಲೆಯಾದ ಹೆಸರನ್ನೂ ಬಿಡುತ್ತಾರೆ. ನನಗೆ ತುಂಬಾ ನೋವಾಗುವುದು ಅದಕ್ಕೇ. ಸುಮ್ನೆ "ವಿಕಿಮೀಡಿಯ" ಎಂದು ಬರೆದರೆ ಆಗಲಿಲ್ಲ. ಮಾಡಿದವರ ಹೆಸರು, ಎಲ್ಲಿ ಸಿಕ್ಕಿತು, ಯಾವ ಲೈಸೆನ್ಸು, ನೀವೇನಾದರೂ ಬದಲಾಯಿಸಿದ್ದೀರಾ, ಇಷ್ಟೂ ಬೇಕು. "ಚಿತ್ರ: ಇಂಥವರು, ವಿಕಿಮೀಡಿಯ ಕಾಮನ್ಸ್, ಸಿಸಿ ಬಿವೈ 4.0, ಬದಿ ಕತ್ತರಿಸಲಾಗಿದೆ." ಒಂದು ಸಾಲು ಹಿಡಿಯುತ್ತದೆ, ಅಷ್ಟೇ. ಸಿಸಿ ಬಿವೈ ಅನ್ನುವುದು ಲೈಸೆನ್ಸಿನ ಹೆಸರು, 4.0 ಅದರ ಆವೃತ್ತಿ. ಆ ಹೆಸರಿನ ಜೊತೆ ಎನ್‌ಸಿ ಎಂದಿದ್ದರೆ ವ್ಯಾಪಾರದ ಬಳಕೆಗೆ ಇಲ್ಲ, ಎನ್‌ಡಿ ಎಂದಿದ್ದರೆ ಬದಲಾಯಿಸಿ ಹಂಚುವಂತಿಲ್ಲ. 4.0 ಆವೃತ್ತಿಯಲ್ಲಿ ಒಂದು ಅನುಕೂಲವೂ ಇದೆ. ಷರತ್ತು ಮುರಿದರೆ ಬಳಸುವ ಹಕ್ಕು ಹೋಗುತ್ತದೆ, ಆದರೆ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಬಳಸುವ ಹಕ್ಕು ತಾನಾಗಿ ಮರಳುತ್ತದೆ.

ಇಷ್ಟೆಲ್ಲ ಮಾಡಿಯೂ ಹೆಸರು ಸಿಗದಿದ್ದರೆ ಆ ಚಿತ್ರ ಬಿಡಿ. ಬೇರೆ ಚಿತ್ರ ಸಿಗುತ್ತದೆ.

ಪ್ರಶ್ನೆ: ನಮಗೆ ಬರುವ ಪದ್ಯಗಳ ಕೆಳಗೆ ಎಷ್ಟೋ ಸಲ "ಯಾರೋ ಬರೆದದ್ದು" ಅಂತ ಇರುತ್ತದೆ. ಅಂಥದ್ದನ್ನು "ಅನಾಮಿಕ" ಎಂದು ಹಾಕಬಹುದಾ?

ಉತ್ತರ: "ಯಾರೋ ಬರೆದದ್ದು" ಮತ್ತು "ಅನಾಮಿಕ" ಒಂದೇ ಅಲ್ಲ. ಅನಾಮಿಕ ಅಂದರೆ ಬರೆದವರೇ ಹೆಸರು ಬೇಡ ಅಂದಿರಬೇಕು, ಇಲ್ಲವೇ ಕಾಲದಲ್ಲಿ ಹೆಸರು ನಿಜವಾಗಿ ಕಳೆದುಹೋಗಿರಬೇಕು. "ಯಾರೋ" ಅಂದರೆ ಫಾರ್ವರ್ಡ್ ಮಾಡಿದವರಿಗೆ ಗೊತ್ತಿಲ್ಲ ಅಂತ ಅಷ್ಟೇ.

ಅಮೆರಿಕದ ಮ್ಯಾಕ್ಸ್ ಎರ್‌ಮನ್ 1927ರಲ್ಲಿ "ಡೆಸಿಡೆರಾಟಾ" ಎಂಬ ಗದ್ಯಪದ್ಯ ಬರೆದರು. 1945ರಲ್ಲಿ ತೀರಿಕೊಂಡರು. ಆಮೇಲೆ ಬಾಲ್ಟಿಮೋರ್‌ನ ಒಂದು ಹಳೇ ಚರ್ಚಿನ ಪಾದ್ರಿ ಅದನ್ನು ಭಕ್ತರಿಗೆ ಹಂಚಿದ ಹಾಳೆಗಳಲ್ಲಿ ಸೇರಿಸಿದರು. ಹಾಳೆಯ ಮೇಲೆ ಚರ್ಚಿನ ಹೆಸರು, ಅದು ಶುರುವಾದ ವರ್ಷ 1692 ಎಂದಿತ್ತು. ಅದನ್ನು ನಕಲು ಮಾಡಿದವರು ಮಾಡಿದರು, ಹಂಚಿದವರು ಹಂಚಿದರು. ನೋಡನೋಡುತ್ತಾ ಅದು "1692ರಲ್ಲಿ ಚರ್ಚಿನಲ್ಲಿ ಸಿಕ್ಕ, ಯಾರು ಬರೆದರೋ ಗೊತ್ತಿಲ್ಲದ" ಪದ್ಯವಾಯಿತು. ಪೋಸ್ಟರುಗಳೂ ಬಂದವು. ಒಂದು ಪತ್ರಿಕೆ ಅದನ್ನು ಛಾಪಿಸಿದಾಗ ಹಕ್ಕುದಾರರು ಕೋರ್ಟಿಗೆ ಹೋದರು. ಸೋತರು. ಹಕ್ಕಿನ ಸೂಚನೆ ಇಲ್ಲದೆ ಪ್ರತಿಗಳು ಹಂಚಿಹೋಗಿದ್ದರಿಂದ ಹಕ್ಕೇ ಉಳಿದಿಲ್ಲ ಎಂದು 1976ರಲ್ಲಿ ಮೇಲಿನ ಕೋರ್ಟು ಹೇಳಿತು. ಅಮೆರಿಕದಲ್ಲಿ ಆಗ ಕಾನೂನು ಹಾಗಿತ್ತು.

ಹೆಸರು ಬರೀ ಗೌರವ ಅಲ್ಲ, ಅದೊಂದು ದಾಖಲೆ. ಕೃತಿಯ ಮೇಲೆ ಎಂದಿನಂತೆ ಹೆಸರಿದ್ದರೆ, ಬೇರೆ ಸಾಕ್ಷಿ ಬರುವ ತನಕ ಅವರೇ ಲೇಖಕರೆಂದು ಒಪ್ಪಬೇಕು ಎಂದು ಬರ್ನ್ ಒಪ್ಪಂದವೇ ಹೇಳುತ್ತದೆ. ಆ ಹೆಸರನ್ನು ನಾವು ಕತ್ತರಿಸಿದಾಗ ಅವರ ಕೈಯ ದಾಖಲೆಯನ್ನೇ ಕಿತ್ತುಕೊಂಡಂತಾಗುತ್ತದೆ.

ಮೊದಲು ಪದ್ಯದ ಮಧ್ಯದ ಎರಡು ಸಾಲು ಹಾಕಿ ಹುಡುಕಿ. ಮೊದಲ ಸಾಲಿಗಿಂತ ಮಧ್ಯದ ಸಾಲು ಒಳ್ಳೆಯದು, ಅದನ್ನು ಜನ ಕಡಿಮೆ ತಿದ್ದಿರುತ್ತಾರೆ. ಓದುವ ಅಭ್ಯಾಸ ಇರುವ ಹಿರಿಯರನ್ನು ಕೇಳಿ. ಸಿಗದೆ ಹೋದರೆ ಪದ್ಯ ಹಾಕಬೇಡಿ. ಯಾರದೆಂದು ತಿಳಿಯಲು ಮಾತ್ರ ಒಂದೆರಡು ಸಾಲು ಕೊಟ್ಟು, "ಇದನ್ನು ಬರೆದವರು ಯಾರೆಂದು ನಮಗೆ ಗೊತ್ತಾಗಿಲ್ಲ, ಗೊತ್ತಿದ್ದವರು ತಿಳಿಸಿ" ಎಂದು ಓದುಗರನ್ನೇ ಕೇಳಿ. ನಮ್ಮಲ್ಲಿ ಹೀಗೆ ಕೇಳಿದಾಗ ಒಮ್ಮೆ ಬರೆದವರೇ ಪತ್ರ ಹಾಕಿದ್ದರು.

ಪ್ರಶ್ನೆ: ನಾನು ಅನುವಾದಿಸಿದ ಕಥೆಯನ್ನು ಒಂದು ಪತ್ರಿಕೆ ಮರುಮುದ್ರಿಸಿದೆ. ಮೂಲ ಲೇಖಕರ ಹೆಸರು ದೊಡ್ಡದಾಗಿ ಇದೆ. ನನ್ನ ಹೆಸರು ಇಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಯೇ ಇರಲಿಲ್ಲ, ಬರೀ ಬೇಸರ ಇತ್ತು. ಅರ್ಥವಾಗುತ್ತದೆ. ಆ ಪುಟದಲ್ಲಿ ಓದುಗರು ಓದಿದ ಒಂದೊಂದು ಪದವೂ ನೀವು ಆರಿಸಿದ್ದು. ಮೂಲ ಲೇಖಕರು ಆ ಪದಗಳಲ್ಲಿ ಒಂದನ್ನೂ ಬರೆದಿಲ್ಲ. ಮೂಲ ಕೃತಿಯ ಹಕ್ಕಿಗೆ ಧಕ್ಕೆ ಬಾರದ ಹಾಗೆ ಅನುವಾದವನ್ನು ಸ್ವಂತ ಕೃತಿಯಂತೆಯೇ ಕಾಪಾಡಬೇಕು ಎಂದು ಬರ್ನ್ ಒಪ್ಪಂದದ 2ನೇ ವಿಧಿ ಹೇಳುತ್ತದೆ. ಅಂದರೆ ಆ ಕಥೆ ಮರುಮುದ್ರಿಸಲು ಅವರು ಇಬ್ಬರನ್ನೂ ಕೇಳಬೇಕಿತ್ತು.

ಕಾಲ ಸ್ವಲ್ಪ ಬದಲಾಗುತ್ತಿದೆ. ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯ ಹಣವನ್ನು 2016ರಿಂದ ಲೇಖಕರಿಗೂ ಅನುವಾದಕರಿಗೂ ಸಮವಾಗಿ ಹಂಚುತ್ತಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಪಕ್ಕದಲ್ಲಿ ದೀಪಾ ಭಾಸ್ತಿ ಅವರೂ ನಿಂತು ಆ ಪ್ರಶಸ್ತಿ ತಗೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಫೋಟೋ ಒಂದನ್ನೇ ನಿಮ್ಮ ಪತ್ರದ ಜೊತೆ ಸಂಪಾದಕರಿಗೆ ನೆನಪಿಸಿ. ತಿದ್ದುಪಡಿ ಕೇಳಿ, ಸಂಭಾವನೆಯನ್ನೂ ಕೇಳಿ.

ಪ್ರಶ್ನೆ: ನಾನು ಚಿತ್ರ ಬರೆಯುತ್ತೇನೆ, ವಯಸ್ಸು 21. "ದುಡ್ಡು ಕೊಡಲ್ಲ, ಆದ್ರೆ ನಿನ್ನ ಹೆಸರು ಹಾಕ್ತೀವಿ" ಅಂತ ಒಂದು ಪತ್ರಿಕೆಯವರು ಹೇಳುತ್ತಿದ್ದಾರೆ. ಒಪ್ಪಲಾ?

ಉತ್ತರ: ನೋಡಮ್ಮ, ಹೆಸರು ಹಾಕುವುದು ಅವರು ಹೇಗೂ ಮಾಡಬೇಕಾದ ಕೆಲಸ. ಅದನ್ನೇ ಸಂಭಾವನೆ ಎಂದು ಲೆಕ್ಕಕ್ಕೆ ಹಿಡಿಯುವುದು ತಪ್ಪು. ಪ್ರೆಸ್ಸಿನವರಿಗೆ, ಕಾಗದದವರಿಗೆ "ನಿಮ್ಮ ಹೆಸರು ಹಾಕ್ತೀವಿ" ಎಂದು ಯಾರೂ ಹೇಳುವುದಿಲ್ಲ.

ಆದರೂ ಒಪ್ಪುವುದು, ಬಿಡುವುದು ನಿನ್ನ ಇಷ್ಟ. ಆ ಪತ್ರಿಕೆ ನಿನಗೆ ಪ್ರೀತಿಯದಾಗಿದ್ದರೆ, ಅವರೂ ಯಾರೂ ದುಡ್ಡು ತಗೊಳ್ಳದೆ ನಡೆಸುತ್ತಿದ್ದರೆ ಸಂತೋಷದಿಂದ ಕೊಡು. ಜಾಹೀರಾತು ಹಾಕಿ, ಚಂದಾ ತಗೊಂಡು, ಉಳಿದವರಿಗೆಲ್ಲ ಸಂಬಳ ಕೊಟ್ಟು ನಿನಗೆ ಮಾತ್ರ ಹೆಸರು ಅಂದರೆ ಬೇಡ ಅನ್ನು. ಒಪ್ಪಿದರೂ ಎರಡು ಮಾತು ಬರೆಸಿಕೋ. ಹೆಸರು ಚಿತ್ರದ ಪಕ್ಕದಲ್ಲೇ ಇರಬೇಕು ಅಂತ ಒಂದು. ಈ ಒಂದು ಸಂಚಿಕೆಗೆ ಮಾತ್ರ, ಮತ್ತೆ ಬಳಸುವಾಗ ಕೇಳಬೇಕು ಅಂತ ಇನ್ನೊಂದು. ನಿನ್ನ ಹೆಸರನ್ನು ಹೇಗೆ ಬರೆಯಬೇಕು ಎಂಬುದನ್ನೂ ಟೈಪ್ ಮಾಡಿ ಕಳಿಸು. ಒಬ್ಬ ಚಿತ್ರಕಾರರ ಹೆಸರು ನಮ್ಮಲ್ಲೇ ಮೂರು ಸಂಚಿಕೆಯಲ್ಲಿ ಮೂರು ಥರ ಬಂದಿತ್ತು. ಮುಂದೊಂದು ದಿನ ಅವರ ಕೆಲಸ ಹುಡುಕುವವರಿಗೆ ಅವರು ಮೂರು ಜನರಾಗಿ ಸಿಗುತ್ತಾರೆ.

ಪ್ರಶ್ನೆ: ಒಂದು ಫೋಟೋ ನೋಡಿಕೊಂಡು ಬಣ್ಣದಲ್ಲಿ ಚಿತ್ರ ಬರೆದೆ. ಚಿತ್ರ ನನ್ನದು. ಫೋಟೋಗ್ರಾಫರ್ ಹೆಸರೂ ಹಾಕಬೇಕಾ?

ಉತ್ತರ: ಹಾಕಿ. ಅದಕ್ಕೂ ಮೊದಲು ಕೇಳಿ. 2008ರಲ್ಲಿ ಶೆಪರ್ಡ್ ಫೇರಿ ಮಾಡಿದ ಬರಾಕ್ ಒಬಾಮ ಪೋಸ್ಟರ್ ನೆನಪಿರಬಹುದು, ಕೆಂಪು, ನೀಲಿ ಬಣ್ಣದ್ದು. ಅದರ ಮೂಲ 2006ರಲ್ಲಿ ಅಸೋಸಿಯೇಟೆಡ್ ಪ್ರೆಸ್‌ಗಾಗಿ ಮ್ಯಾನಿ ಗಾರ್ಸಿಯ ತೆಗೆದ ಒಂದು ಫೋಟೋ. ಪೋಸ್ಟರ್ ಎಲ್ಲ ಕಡೆ ಹಬ್ಬಿತು, ಫೋಟೋ ತೆಗೆದವರು ಯಾರೆಂದು ಮಾತ್ರ ಜನರಿಗೆ ಗೊತ್ತಾದದ್ದು 2009ರಲ್ಲಿ. ಆಮೇಲೆ ಕೇಸು ನಡೆಯಿತು, 2011ರಲ್ಲಿ ರಾಜಿಯಾಯಿತು. "ಚಿತ್ರ: ನಾನು. ಮೂಲ ಫೋಟೋ: ಇಂಥವರು" ಎಂದು ಬರೆದರೆ ನಿಮ್ಮ ಬಣ್ಣ ಏನೂ ಮಾಸುವುದಿಲ್ಲ.

ಪ್ರಶ್ನೆ: ಎಐನಿಂದ ಮಾಡಿಸಿದ ಚಿತ್ರಕ್ಕೆ ಯಾರ ಹೆಸರು?

ಉತ್ತರ: "ಎಐ ಮೂಲಕ ಮಾಡಿದ ಚಿತ್ರ" ಎಂದು ಬರೆಯಿರಿ. ಕೈಯಲ್ಲಿ ಬರೆದವರ ಹಾಗೆ ನಿಮ್ಮ ಹೆಸರು ಹಾಕಿಕೊಳ್ಳಬೇಡಿ. ಒಬ್ಬ ಚಿತ್ರಕಾರರ ಹೆಸರು ಹೇಳಿ "ಅವರ ಥರ ಮಾಡು" ಎಂದು ಮಾಡಿಸಿದ್ದನ್ನಂತೂ ಹಾಕಲೇಬೇಡಿ. ಅವರು ಇನ್ನೂ ಇದ್ದರೆ ಅವರಿಗೇ ಆ ಕೆಲಸ ಕೊಡಿ.

ಪ್ರಶ್ನೆ: ನಾನು ಪುಟ ವಿನ್ಯಾಸ ಮಾಡುತ್ತೇನೆ. ಚಿತ್ರದ ಮೇಲೆ ಹೆಸರು ಕೂರಿಸಿದರೆ ಪುಟದ ಅಂದ ಕೆಡುತ್ತದೆ ಅಂತ ನಮ್ಮಲ್ಲಿ ವಾದ. ಹಾಗಾಗಿ ತುಂಬಾ ಸಣ್ಣ ಅಕ್ಷರದಲ್ಲಿ ಬೈಂಡಿಂಗ್ ಬದಿಗೆ ಉದ್ದುದ್ದ ಹಾಕುತ್ತೇವೆ. ಅದು ಸಾಕಲ್ವಾ?

ಉತ್ತರ: ಪತ್ರಿಕೆ ಪ್ರಿಂಟಾಗಿ ಬಂದ ಮೇಲೆ ಕೈಯಲ್ಲಿ ಹಿಡಿದು ಆ ಹೆಸರು ಓದಿ ನೋಡಿ. ಕತ್ತು ತಿರುಗಿಸದೆ, ಪಿನ್ ಬಿಡಿಸದೆ ಓದಲು ಬಂದರೆ ಸಾಕು. ಬರದಿದ್ದರೆ ಹಾಕಿಲ್ಲ ಎಂದೇ ಲೆಕ್ಕ. ಚಿತ್ರದ ಮೇಲೆ ಬೇಡ ಅನ್ನಿಸಿದರೆ ಅಡಿಬರಹದ ಕೊನೆಗೆ ಸೇರಿಸಿ, ಅಡಿಬರಹದ ಅಕ್ಷರದಷ್ಟೇ ದೊಡ್ಡದಾಗಿ. ತಿಳಿ ಆಕಾಶದ ಮೇಲೆ ಬಿಳಿ ಅಕ್ಷರ ಕೂರಿಸಬೇಡಿ. ಒಂದೇ ಪುಟದಲ್ಲಿ ನಾಲ್ಕು ಚಿತ್ರವಿದ್ದರೆ "ಚಿತ್ರಗಳು" ಎಂದು ನಾಲ್ಕು ಹೆಸರು ಒಟ್ಟಿಗೆ ಸುರಿಯಬೇಡಿ. ಮೇಲೆ ಎಡಗಡೆಯದು ಇವರದು, ಕೆಳಗಿನದು ಅವರದು ಎಂದು ಬಿಡಿಸಿ ಹೇಳಿ.

ಅಂದ ಹಾಗೆ, ನಿಮ್ಮ ಪತ್ರಿಕೆಯಲ್ಲಿ "ಪುಟ ವಿನ್ಯಾಸ" ಎಂದು ನಿಮ್ಮ ಹೆಸರು ಬರುತ್ತಿದೆಯಾ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ.